ಆಡೋದಕ್ಕೋ, ಸಿನಿಮಾ ನೋಡೋದಕ್ಕೋ?

2006ರ ನವೆಂಬರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಎರಡು ಹೊಸ ಗೇಮ್ ಕನ್ಸೋಲ್‌ಗಳು ಬಂದವು. ಸೋನಿಯ ಪ್ಲೇಸ್ಟೇಷನ್ 3 ಸಕಲಕಲಾವಲ್ಲಭ: ಬ್ಲೂ-ರೇ ಸಿನಿಮಾ ತೋರಿಸುತ್ತಿತ್ತು, ಹಾಡು ಕೇಳಿಸುತ್ತಿತ್ತು, ಫೋಟೊಗಳನ್ನೂ ಕಾಪಾಡುತ್ತಿತ್ತು. 60 ಜಿಬಿ ಮಾದರಿಗೆ 599 ಡಾಲರ್! ನಿಂಟೆಂಡೊದ ವೀ ಸಿನಿಮಾ ಡಿವಿಡಿ ಕಂಡರೆ ಮುಖ ತಿರುಗಿಸುತ್ತಿತ್ತು. ಬೆಲೆ ಸುಮಾರು 250.

ಸೋನಿ ಪರವಾಗಿಯೂ ವಾದವಿದೆ. ಆಗಿನ ಬಿಡಿ ಬ್ಲೂ-ರೇ ಪ್ಲೇಯರ್‌ಗಳು ಇನ್ನೂ ದುಬಾರಿ. ಮೇಲಾಗಿ, "ಆಟಕ್ಕಲ್ಲ ಕಣೇ, ಮನೆಮಂದಿಯೆಲ್ಲ ಸಿನಿಮಾ ನೋಡೋಣ ಅಂತ" ಎಂದು ಹೆಂಡತಿಯ ಮುಂದೆ ಮಂಡಿಸಲು ಇದಕ್ಕಿಂತ ಒಳ್ಳೆಯ ನೆಪ ಯಾವುದು?

ಆದರೂ ವೀ ಮಾರಾಟ 10 ಕೋಟಿ ದಾಟಿತು. ಪ್ಲೇಸ್ಟೇಷನ್ 3 ಒಂಬತ್ತು ಕೋಟಿಯನ್ನೂ ಮುಟ್ಟಲಿಲ್ಲ. ಸಿನಿಮಾದ ಹುಚ್ಚಿದ್ದರೆ ಧಾರಾಳವಾಗಿ ಹೆಚ್ಚು ಕೊಡಿ. ಬರೀ ಆಡುವವರು ಮಾತ್ರ ಆಟ ನೋಡಿ ದುಡ್ಡು ಬಿಚ್ಚಿ.