ಲೇಪದೋಷ ಮೀಮಾಂಸೆ: ಸಂತೆಮರಹಳ್ಳಿಯನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ವಾಹನದ ಮೈಗೆ ಹೊಡೆದ ಬಣ್ಣದ ಮೇಲೆ ಕೂತು, ತನಗೆ ಯಾವ ಬಣ್ಣವೂ ಇಲ್ಲದೆ, ಎಲ್ಲ ಬಣ್ಣಕ್ಕೂ ತಾನೇ ಕಾರಣವೆಂಬಂತೆ ಹೊಳೆಯುವ ಪಾರದರ್ಶಕ ಪದರವನ್ನು ಪ್ರಸ್ತುತ ಪ್ರಬಂಧವು ‘ನಿರ್ವರ್ಣೋಪರಿಲೇಪ’ ಎಂದು ಕರೆಯುತ್ತದೆ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳತ್ತ ಹೋಗುವ ದಾರಿಯಲ್ಲಿರುವ ಸಂತೆಮರಹಳ್ಳಿಯಂಥ ಊರುಗಳ ಪೇಂಟಿಂಗ್ ಶೆಡ್ಡುಗಳಲ್ಲಿ ಇದಕ್ಕೆ ‘ಕ್ಲಿಯರ್’ ಎಂಬ ಹೆಸರು ಆಗಲೇ ಇದೆಯಾದರೂ, ಅದು ಕೇಳಿದವರಿಗೆಲ್ಲ ಕೂಡಲೇ ಅರ್ಥವಾಗುವುದರಿಂದ ಶಾಸ್ತ್ರಕ್ಕೆ ಅನರ್ಹವೆಂದು ತೀರ್ಮಾನಿಸಿ ಕೈಬಿಡಲಾಗಿದೆ. ಈ ಲೇಪದ ದಪ್ಪ ಸುಮಾರು 40ರಿಂದ 60 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆದ್ದರಿಂದ ಈ ಮೀಮಾಂಸೆಯ ಸಮಸ್ತ ವಿಸ್ತಾರವೂ ಒಂದು ತಲೆಗೂದಲಿನ ದಪ್ಪದೊಳಗೇ ನಡೆಯುತ್ತದೆ, ಪಾಂಡಿತ್ಯಕ್ಕೆ ಅಷ್ಟು ಜಾಗ ಯಥೇಚ್ಛವಾಯಿತು.

ದೋಷವಿಚಾರಕ್ಕೆ ಕನ್ನಡದಲ್ಲಿ ಪರಂಪರೆಯ ಕೊರತೆಯಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಮೊದಲ ಪರಿಚ್ಛೇದದಲ್ಲಿ ದೋಷಗಳನ್ನು ವಿವರಿಸಿ, ಅಲಂಕಾರಗಳಿಗೆ ಆಮೇಲೆ ಕೈಹಾಕುತ್ತದೆ. ಗೂಡ್ಸ್ ಆಟೋ ಮಾಲೀಕರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆಂಬುದು ಪ್ರಬಂಧದ ಮೊದಲ ಶೋಧ: ಪಕ್ಕದಲ್ಲಿ ಮಾದಪ್ಪನ ಹುಲಿ, ಹಿಂದೆ ಸಿದ್ದಪ್ಪಾಜಿಯ ಹೆಸರು, ಮುಂದೆ ಮಕ್ಕಳಿಬ್ಬರ ಹೆಸರು ಎಂದು ಅಲಂಕಾರವನ್ನೆಲ್ಲ ಮುಗಿಸಿ, ಮೇಲೆ ಕ್ಲಿಯರ್ ಹೊಡೆಸಿ, ಗಾಡಿ ಬಿಡಿಸಿಕೊಳ್ಳುವ ದಿನ ಮೊಬೈಲಿನ ಟಾರ್ಚ್ ಹಿಡಿದು ದೋಷ ಹುಡುಕಲು ಆರಂಭಿಸುತ್ತಾರೆ.

ನಿರ್ವರ್ಣೋಪರಿಲೇಪದ ದೋಷಗಳು ಎಂಟು. ಅವುಗಳಲ್ಲಿ ಮೊದಲನೆಯದು ರಜಃಕಣಾವಸ್ಥಾಪನ ದೋಷ, ಎಂದರೆ ಹಸಿ ಕ್ಲಿಯರಿನ ಮೇಲೆ ಧೂಳು ಕೂರುವುದು. ಮುಚ್ಚಿದ ಬೂತಿಲ್ಲದ ಕಡೆ, ಕರಿಕಲ್ಲು ಹೊತ್ತ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ, ನೆಲಕ್ಕೆ ನೀರು ಚಿಮುಕಿಸುವುದಕ್ಕಿಂತ ಹೆಚ್ಚಿನ ಪ್ರತಿಬಂಧಕ ಸಿದ್ಧಾಂತವಿಲ್ಲ. ಒಂದು ಚುಕ್ಕೆಗೇಕೆ ಇಷ್ಟು ರಗಳೆ ಎಂದು ಪೂರ್ವಪಕ್ಷಿಗಳು ಕೇಳಬಹುದು. 2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ; ಒಂದು ಎಂಬ ಸಂಖ್ಯೆಯ ಲಘುತ್ವವನ್ನು ಕುರಿತು ಬೇರೆ ಯಾವ ಊರಿನಲ್ಲಾದರೂ ವಾದಿಸಬಹುದು, ಇಲ್ಲಿ ಆಗದು. ಎರಡನೆಯದು ಅಧೋಗಾಮಿ ದ್ರವಲಂಬನ ದೋಷ. ಗನ್ನನ್ನು ಮೈಯಿಂದ ಆರರಿಂದ ಎಂಟು ಅಂಗುಲ ದೂರದಲ್ಲಿ ಹಿಡಿಯದೆ ಹತ್ತಿರ ತಂದಾಗ, ಒಂದೇ ಕಡೆ ಕೈ ನಿಂತಾಗ, ತಿನ್ನರ್ ಹೆಚ್ಚಾದಾಗ ಲೇಪವು ಗುರುತ್ವಾಕರ್ಷಣೆಯೊಡನೆ ಅನುಸಂಧಾನ ನಡೆಸಿ ಕೆಳಗಿಳಿಯುತ್ತದೆ. ಇದಕ್ಕೆ ಶೆಡ್ಡಿನಲ್ಲಿ ‘ಸೋರಿದೆ’ ಎನ್ನುತ್ತಾರೆ. ಮಾದಪ್ಪನ ಹುಲಿಯ ಕಣ್ಣಿನ ಕೆಳಗೆ ಸೋರಿದರೆ ಹುಲಿ ಅತ್ತಂತೆ ಕಾಣುವುದರಿಂದ ಇಲ್ಲಿ ಕರುಣರಸದ ಚರ್ಚೆಗೂ ಅವಕಾಶವಿದೆ. ಮೂರನೆಯದು ನಾರಂಗತ್ವಗಾಭಾಸ: ಕ್ಲಿಯರ್ ಗಟ್ಟಿಯಾಗಿದ್ದು ಗಾಳಿಯ ಒತ್ತಡ ಸಾಲದಿದ್ದರೆ, ಅಥವಾ ಬಿಸಿಲಿಗೆ ಕಾದ ತಗಡಿನ ಮೇಲೆ ಹೊಡೆದರೆ, ಹನಿಗಳು ಒಂದರೊಳಗೊಂದು ಕೂಡಿಕೊಳ್ಳುವ ಮೊದಲೇ ಬಿಗಿದು ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ನಾಲ್ಕನೆಯದು ಮತ್ಸ್ಯಾಕ್ಷಿ, ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಯಾರೋ ಬಾನೆಟ್ಟು ಸವರಿರುತ್ತಾರೆ, ಆ ಜಿಡ್ಡಿನ ಮೇಲೆ ಕ್ಲಿಯರ್ ನಿಲ್ಲದೆ ದುಂಡಗೆ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿ ಬಿಡುತ್ತದೆ. ಉಳಿದ ನಾಲ್ಕನ್ನು ಅಭ್ಯಾಸಿಗಳು ತಮ್ಮ ತಮ್ಮ ಗಾಡಿಗಳಲ್ಲೇ ಹುಡುಕಿಕೊಳ್ಳತಕ್ಕದ್ದು. ಎಂಟು ಎಂದದ್ದು, ಎಂಟಕ್ಕಿಂತ ಕಡಿಮೆ ಎಂದರೆ ಪ್ರಬಂಧಕ್ಕೆ ಮರ್ಯಾದೆ ಸಿಗದೆಂಬ ಕಾರಣಕ್ಕೆ ಮಾತ್ರ.

ಪರಿಹಾರಖಂಡವು ಸಂಕ್ಷಿಪ್ತವಾದುದು, ಏಕೆಂದರೆ ಅದನ್ನು ಬಲ್ಲವರು ಬರೆಯುವುದಿಲ್ಲ, ಬರೆಯುವವರು ಬಲ್ಲವರಲ್ಲ. ಲೇಪವು ಪೂರ್ತಿ ಗಟ್ಟಿಯಾಗುವವರೆಗೆ ಕಾದು, ಸೋರಿದ ಉಬ್ಬನ್ನು ಬ್ಲೇಡಿನಿಂದಲೋ ಚಪ್ಪಟೆ ಮರದ ತುಂಡಿಗೆ ಸುತ್ತಿದ ವಾಟರ್ ಪೇಪರಿನಿಂದಲೋ ಸಮ ಮಾಡಿ, 1500, 2000 ನಂಬರಿನ ಪೇಪರುಗಳಲ್ಲಿ ನೀರು ಬಿಟ್ಟುಕೊಂಡು ಉಜ್ಜಿ, ಕೊನೆಗೆ ಕಾಂಪೌಂಡು ಹಾಕಿ ಹೊಳಪು ತರಬೇಕು; ನಂಬರು ಏರಿದಷ್ಟೂ ಪೇಪರು ನಯ. ಈ ಜಿಲ್ಲೆಯ ಕರಿಕಲ್ಲು ಕನ್ನಡಿಯಾಗುವುದೂ ಒರಟಿನಿಂದ ನಯಕ್ಕೆ ಸಾಗುವ ಇದೇ ಮಾರ್ಗದಲ್ಲಿ, ಆದರೆ ಕಲ್ಲನ್ನು ಎಷ್ಟು ಉಜ್ಜಿದರೂ ಅಡಿಯಲ್ಲಿ ಕಲ್ಲೇ ಇರುತ್ತದೆ, ಕ್ಲಿಯರಿನ ಅಡಿಯಲ್ಲಿರುವುದು ಹುಲಿ. ಎಲ್ಲಿಗೆ ನಿಲ್ಲಿಸಬೇಕೆಂಬ ಜ್ಞಾನಮೀಮಾಂಸೀಯ ಬಿಕ್ಕಟ್ಟಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನೂ ಜಾಲಾಡಿದ ಬಳಿಕ ತಿಳಿದುಬಂದುದೇನೆಂದರೆ, ಉಜ್ಜಿದ ನೀರು ಹಾಲಿನಂತೆ ಬೆಳ್ಳಗೆ ಇಳಿಯುವವರೆಗೆ ಸವೆಯುತ್ತಿರುವುದು ಕ್ಲಿಯರ್, ನೀರಿಗೆ ಗಾಡಿಯ ಬಣ್ಣ ಬಂದರೆ ಕೆಲಸ ಕೆಟ್ಟಿತು. ಶೆಡ್ಡಿಗೆ ಸೇರಿ ವಾರವಾಗದ ಹುಡುಗನಿಗೂ ಇದು ಗೊತ್ತು.

ಉಪಕರಣದ ಇತಿಹಾಸವನ್ನೂ ಇಲ್ಲಿ ಸೇರಿಸಬೇಕಾಗಿದೆ. ಸ್ಪ್ರೇ ಗನ್ನಿನ ಮೂಲವು ಅಮೆರಿಕದ ಟೊಲೆಡೊ ನಗರದ ವೈದ್ಯ ಅಲೆನ್ ಡಿವಿಲ್ಬಿಸ್ 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಮಾಡಿದ ತುಂತುರು ಸಾಧನ. ಅವನ ಮಗ ಥಾಮಸ್ ಮುಂದೆ ಅದನ್ನು ಬಣ್ಣಕ್ಕೆ ಒಗ್ಗಿಸಿದ. ಗಂಟಲು ಕಾಯಲು ಹುಟ್ಟಿದ ವಸ್ತುವಿನ ಮುಂದೆ ಇಂದು ಮೂಗಿಗೆ ಟವೆಲು ಕಟ್ಟಿಕೊಂಡು ನಿಂತವನ ಗಂಟಲನ್ನು ಕುರಿತು ಯಾವ ಶಾಸ್ತ್ರವೂ ಒಂದು ಸಾಲು ಬರೆದಂತೆ ಕಾಣುವುದಿಲ್ಲ. ಗೂಡ್ಸ್ ಆಟೋಗಳ ಬೆನ್ನಿನ ಬರಹಗಳನ್ನು ‘ತಳಸಮುದಾಯಗಳ ಚಲನಶೀಲ ಪಠ್ಯ’ವೆಂದು ಕರೆದು, ಫೋಟೋ ತೆಗೆದು, ವಿಚಾರ ಸಂಕಿರಣದಲ್ಲಿ ಹತ್ತು ನಿಮಿಷ ಓದಿ, ಪ್ರಮಾಣಪತ್ರವನ್ನೂ ಪ್ರಯಾಣ ಭತ್ಯೆಯನ್ನೂ ಮಧ್ಯಾಹ್ನದ ಊಟವನ್ನೂ ಪಡೆದು ಹೋಗುವ ವಿದ್ವತ್ತು ಆ ಪಠ್ಯ ಬರೆದವನ ಕೆಮ್ಮನ್ನು ಅಡಿಟಿಪ್ಪಣಿಗೂ ಸೇರಿಸಲಿಲ್ಲ. ಕೆಮ್ಮು ಪಠ್ಯವಲ್ಲ. ಅದಕ್ಕೆ ನಿರಚನವಿಲ್ಲ, ಅದರಿಂದ ಬಡ್ತಿಯೂ ಸಿಗದು.

ಕ್ಲಿಯರಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕವಿರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ವಿಷವು ಇದೇ ಅಲ್ಲವಾದರೂ ಅದೇ ಮನೆತನದ್ದು. ಹಾರ್ಡನರಿನ ಈ ರಾಸಾಯನಿಕ ತುಂತುರಾಗಿ ಎದೆಗಿಳಿದರೆ ಅಸ್ತಮಾ ತರಬಲ್ಲುದು. ಒಮ್ಮೆ ದೇಹ ಅದಕ್ಕೆ ಕೆರಳಿತೆಂದರೆ ಆಮೇಲೆ ತೀರಾ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ, ಆಗ ಆ ಪೇಂಟರ್ ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ಅಪಾಯದ ಮಟ್ಟ ಮುಟ್ಟಿದ್ದನ್ನು ವಾಸನೆ ಹೇಳುವುದಿಲ್ಲ. ಟವೆಲು ಅದನ್ನು ತಡೆಯದು, ಔಷಧದಂಗಡಿಯ ತೆಳು ಮಾಸ್ಕೂ ತಡೆಯದು; ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಸುಕು ಬೇಕು, ಅದು ದುಬಾರಿ. ಹುಲಿಯ ಹೊಳಪಿಗೆ ಮತ್ತೊಂದು ಕೋಟು ಹೊಡೆಯೆಂದು ಹಟ ಹಿಡಿದು, ಕೂಲಿಯಲ್ಲಿ ಇನ್ನೂರು ಮುರಿದುಕೊಳ್ಳುವ ಮಾಲೀಕನಿಗೆ ಆ ಬೆಲೆಯ ಪ್ರಸ್ತಾಪವೇ ಅಸಂಬದ್ಧವಾಗಿ ಕೇಳಿಸುತ್ತದೆ.

ಆದ್ದರಿಂದ ದೋಷಪರೀಕ್ಷೆಗೆ ಬರುವ ಮಾಲೀಕರು ಟಾರ್ಚಿನ ಬೆಳಕನ್ನು ಬಾನೆಟ್ಟಿನಿಂದ ಒಂದಿಷ್ಟು ಮೇಲೆತ್ತಿ, ಎದುರು ನಿಂತವನ ಮೂಗಿಗೆ ಏನು ಕಟ್ಟಿದೆಯೆಂದು ನೋಡಿ, ಮೊದಲು ಮಾತಾದ ಕೂಲಿಯನ್ನು ಪೂರ್ತಿ ಕೊಟ್ಟು ಗಾಡಿ ಬಿಡಿಸಿಕೊಳ್ಳಬೇಕಾಗಿ ಕೋರಲಾಗಿದೆ. ಎಡಬಾಗಿಲಲ್ಲಿ ಸೋರಿರುವುದು ನಾಳೆಯವರೆಗೂ ಹಸಿ. ಇವತ್ತು ಯಾರೂ ಮುಟ್ಟಬಾರದು.