ಅಕ್ಷರಗಳನ್ನು ಒಕ್ಕಲೆಬ್ಬಿಸುವ ಮಹಾಶಯರಿಗೆ

ತಿರುವನಂತಪುರದ ಟೆಕ್ನೋಪಾರ್ಕಿನಲ್ಲೂ ಕೊಚ್ಚಿಯ ಇನ್ಫೋಪಾರ್ಕಿನಲ್ಲೂ ಕೂತು, ವೆಬ್ ಸರ್ವೀಸುಗಳು ಕಳಿಸುವ ಎಕ್ಸ್‌ಎಂಎಲ್‌ನಿಂದ ‘ಅಕ್ರಮ ಅಕ್ಷರ’ಗಳನ್ನು ಹೊರಹಾಕುತ್ತಿರುವ ಎಂಜಿನಿಯರ್ ಮಹಾಶಯರಿಗೆ ನಮಸ್ಕಾರಗಳು.

ನಿಮ್ಮ ಹುರುಪನ್ನು ಮೆಚ್ಚಲೇಬೇಕು. ಕಾನೂನು ಬಯಸಿದ್ದಕ್ಕಿಂತ ಅದು ಬಹಳ ಹೆಚ್ಚು. 1998ರ ಫೆಬ್ರವರಿಯಲ್ಲಿ ಹೊರಬಿದ್ದ ಎಕ್ಸ್‌ಎಂಎಲ್ 1.0 ಬಾಗಿಲು ಮುಚ್ಚಿದ್ದು ತೀರಾ ಸಣ್ಣ ಗುಂಪಿಗೆ. ಆಸ್ಕಿಯ ಮೊದಲ 32 ನಿಯಂತ್ರಣ ಸಂಕೇತಗಳಲ್ಲಿ ಟ್ಯಾಬ್, ಲೈನ್ ಫೀಡ್, ಕ್ಯಾರೇಜ್ ರಿಟರ್ನ್ ಬಿಟ್ಟು ಉಳಿದ 29, ಒಂಟಿ ಸರೊಗೇಟುಗಳು, ಇನ್ನೆರಡು ಪುಡಿ ಆಸಾಮಿಗಳು, ಇಷ್ಟೇ. ಇವುಗಳಲ್ಲಿ ಒಂದು ಕಂಡರೂ ಪಾರ್ಸರ್ ಅಲ್ಲಿಗೇ ಕೈಚೆಲ್ಲಬೇಕೆಂಬುದು ಕಟ್ಟಳೆ. ವರ್ಡ್‌ನಲ್ಲಿ ಶಿಫ್ಟ್ ಒತ್ತಿ ಎಂಟರ್ ಹೊಡೆದು ಬರೆದ ವಿಳಾಸವನ್ನು ಯಾರೋ ಅರ್ಜಿಗೆ ಪೇಸ್ಟ್ ಮಾಡಿದರೆ, 11ನೇ ಸಂಖ್ಯೆಯ ವರ್ಟಿಕಲ್ ಟ್ಯಾಬ್ ಸದ್ದಿಲ್ಲದೆ ಡೇಟಾಬೇಸ್ ಹೊಕ್ಕಿರಬಹುದು. ಮುಂದೊಂದು ದಿನ ಸಾವಿರ ದಾಖಲೆಗಳ ಉತ್ತರದಲ್ಲಿ ಆ ವಿಳಾಸ ಬಂದರೆ ಸಾವಿರವೂ ಮಗುಚಿಬೀಳುತ್ತವೆ. ಸಿಡಾಟಾದೊಳಗೆ ಬಚ್ಚಿಟ್ಟರೂ, ಸಂಖ್ಯೆಯ ವೇಷ ಹಾಕಿಸಿ ಕಳಿಸಿದರೂ ಕ್ಷಮೆಯಿಲ್ಲ. (2004ರ 1.1 ಆವೃತ್ತಿ ಸೊನ್ನೆಯೊಂದನ್ನು ಬಿಟ್ಟು ಉಳಿದ ನಿಯಂತ್ರಣ ಸಂಕೇತಗಳಿಗೆ ವೇಷ ಹಾಕಿ ಬರಲು ಬಿಟ್ಟಿತು. ಆ ಆವೃತ್ತಿಯನ್ನು ಕೇಳುವವರೇ ಇಲ್ಲದಾಯಿತು.)

ಇದಕ್ಕೆ ನೀವು ಕಂಡುಕೊಂಡ ಮದ್ದು ಒಂದು ಸಾಲಿನ ರೆಜೆಕ್ಸ್: 32ರಿಂದ 126ರವರೆಗಿನದನ್ನು ಇಟ್ಟುಕೋ, ಮಿಕ್ಕದ್ದೆಲ್ಲ ಅಳಿಸು. ಯೂನಿಕೋಡಿನಲ್ಲಿ 3200ರಿಂದ 3327 ಕನ್ನಡದ ಜಾಗ, 3328ರಿಂದ ಮಲಯಾಳದ್ದು. ನಡುವೆ ಒಂದಿಂಚೂ ತೆರವಿಲ್ಲ, ತಕರಾರೂ ಇಲ್ಲ. 1956ರಿಂದ ಕಾಸರಗೋಡಿನಲ್ಲಿ ಬಗೆಹರಿಯದ ಗಡಿ ಅಲ್ಲಿ ಬಗೆಹರಿದು ಕೂತಿದೆ. ನಿಮ್ಮ ಸಾಲು ಎರಡೂ ಕಡೆಯವರನ್ನು ಒಟ್ಟಿಗೇ ಒಕ್ಕಲೆಬ್ಬಿಸುತ್ತದೆ. ಆ ಗಡಿ ವಿಚಾರಿಸಿದ ಮಹಾಜನ್ ಆಯೋಗಕ್ಕೂ ದಕ್ಕದ ನಿಷ್ಪಕ್ಷಪಾತವಿದು! ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ ಕನ್ನಡದಲ್ಲೇ ಬರೆಯಲು ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶ ಕೊಟ್ಟಿದ್ದರು. ಅದನ್ನು ತಿದ್ದಲು ವಿಧಾನಸಭೆಯೇ ಬೇಕಿಲ್ಲ ಎಂದು ತೋರಿಸಿಕೊಟ್ಟಿದ್ದೀರಿ. ನಿಮ್ಮಲ್ಲಿ ನಯಗಾರರು ಲಿಪಿಯನ್ನು ಉಳಿಸಿ, ‘ಕಣ್ಣಿಗೆ ಕಾಣದ್ದು’ ಎಂಬ ಒಂದೇ ತಪ್ಪಿಗೆ ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ 8204 ಮತ್ತು 8205ನ್ನು ತೆಗೆಯುತ್ತಾರೆ. ಎರಡೂ ಪೂರ್ಣ ಸಕ್ರಮ. ಮೊದಲನೆಯದು ಹೋದರೆ ರಾಜ್‌ಕುಮಾರ್ ಅವರು ರಾಜ್ಕುಮಾರ್ ಆಗಿ ಒತ್ತಿನಡಿ ಸಿಕ್ಕಿಕೊಳ್ಳುತ್ತಾರೆ. ಎರಡನೆಯದು ಹೋದರೆ, 2008ರಲ್ಲಿ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನರೂಪಗಳಿಗೆ) ಸ್ವಂತ ಸಂಖ್ಯೆ ಸಿಗುವ ಮುಂಚಿನ ಮಲಯಾಳ ಪಠ್ಯದಲ್ಲಿ ‘ಅವನು’ ಇದ್ದದ್ದು ‘ಅವನಿಗೆ’ ಆಗುತ್ತದೆ. ಕೊಟ್ಟವನು ಯಾರು, ಪಡೆದವನು ಯಾರು ಎಂಬುದನ್ನು ದಾಖಲೆಯೇ ಮರೆಯುತ್ತದೆ.

ನಿಮ್ಮ ಸಮಜಾಯಿಷಿ ಗೊತ್ತಿರುವಂಥದ್ದೇ. ಸ್ವೀಕರಿಸುವವರು ಉದಾರವಾಗಿರಬೇಕೆಂದು ಜಾನ್ ಪೋಸ್ಟೆಲ್ 1980ರಲ್ಲೇ ಹೇಳಿದ್ದರಲ್ಲ? ಹೇಳಿದ್ದರು, ಕಳಿಸುವವರು ಕಟ್ಟುನಿಟ್ಟಾಗಿರಬೇಕೆಂದು ಅದೇ ಉಸಿರಿನಲ್ಲಿ ಹೇಳಿದ್ದನ್ನು ನೀವು ಯಾಕೋ ಅಳಿಸಿದ್ದೀರಿ. ಕಳಿಸುವ ಸರ್ವರ್ ಹಳೆಯದು, ಅದನ್ನು ಮುಟ್ಟುವ ಅಧಿಕಾರ ನಿಮಗಿಲ್ಲ ಎನ್ನುತ್ತೀರಿ. ಈ ಮಾತಿನಲ್ಲಿ ಹುರುಳಿದೆ. ಆದರೆ ಅದು ಪಾರ್ಸರಿಗೆ ಕೊಡುವ ಮುನ್ನ ನಿಷೇಧಿತ ಪಟ್ಟಿಯಲ್ಲಿದ್ದವನ್ನಷ್ಟೇ ಹಿಡಿಯಲು ಪರವಾನಗಿ, ಗುಟ್ಟಾಗಿ ಅಳಿಸಲು ಅಲ್ಲ. ಉದಾಹರಣೆಗೆ 31ನೇ ಸಂಕೇತದ ಕಸುಬೇ ಎರಡು ಮಾಹಿತಿಗಳನ್ನು ಬೇರ್ಪಡಿಸುವುದು. ವಾರ್ಡ್ 12, ಮನೆ 3ರ ನಡುವೆ ಅದಿದ್ದು, ಅದನ್ನು ಕಿತ್ತರೆ 123 ಉಳಿಯುತ್ತದೆ. ಪಾರ್ಸರ್ ತೃಪ್ತ, ಲಾಗ್ ಖಾಲಿ, ಅಂಚೆಯವರು ಮಾತ್ರ ಬೀದಿಯಲ್ಲಿ. ತೆಗೆದ ಕಡೆ 65533ನೇ ಬದಲಿ ಚಿಹ್ನೆಯನ್ನಾದರೂ ನೆಟ್ಟರೆ ಏನೋ ಕಾಣೆಯಾಗಿದೆ ಎಂಬುದಾದರೂ ಕಾಣುತ್ತದೆ. ದಾಖಲೆಯ ಸಂಖ್ಯೆಯನ್ನು ಲಾಗ್‌ಗೆ ಹಾಕಿ ಕಳಿಸಿದವರಿಗೆ ಮುಟ್ಟಿಸಿದರೆ ಮೂಲದಲ್ಲಿ ತಿದ್ದುವ ಆಸೆಯೂ ಉಳಿಯುತ್ತದೆ. ಜೇಸನ್‌ಗೆ ಹೋದರೆ ಪೀಡೆ ತೊಲಗಿತು ಎನ್ನುವವರಿಗೆ: ಅಲ್ಲಿ 11ನೇ ಸಂಖ್ಯೆ ಎಸ್ಕೇಪ್ ಆಗಿ ಸಲೀಸಾಗಿ ದಾಟುತ್ತದೆ, ಮುಂದಿನ ಎಕ್ಸ್‌ಎಂಎಲ್ ಬಾಗಿಲವರೆಗೆ.

ಮುಂದಿನ ರಿಲೀಸಿಗೆ ಮುಂಚೆ ಒಂದು ದಾಖಲೆಯನ್ನು ಓಡಿಸಿ ನೋಡಿ. ಅದರಲ್ಲಿ ಒಬ್ಬ ರಾಜ್‌ಕುಮಾರ್, ಹಳೇ ಬಗೆಯ ಒಂದು ಚಿಲ್ಲಕ್ಷರ, ಒಂದು ವರ್ಟಿಕಲ್ ಟ್ಯಾಬ್ ಇರಲಿ. ಕಡೆಯದು ಮಾತ್ರ ಸಿಕ್ಕಿಬಿದ್ದರೆ ರಿಲೀಸ್ ಮಾಡಿ.

ಇಂತಿ,
3200ರಿಂದ 3327ರವರೆಗಿನ ಕಾಯಂ ನಿವಾಸಿಗಳ ಪರವಾಗಿ