ಸೆರಗಿನ ಗಂಟು

ಬೈಗುಳವೇ ಔಷಧಿಯಾಗಿದ್ದರೆ ಗುಂಜಹಳ್ಳಿಯಲ್ಲಿ ಎಡಿಎಚ್‌ಡಿ ಇರುವ ಒಬ್ಬನೂ ಉಳಿಯುತ್ತಿರಲಿಲ್ಲ. ಗಮನ ಒಂದೆಡೆ ನಿಲ್ಲದ, ಕೈಕಾಲು ಸುಮ್ಮನಿರದ ಈ ಸ್ಥಿತಿಗೆ ನಮ್ಮ ರಾಯಚೂರು ಸೀಮೆಯಲ್ಲಿ ಹೆಸರಿಲ್ಲದಿದ್ದರೂ ಮದ್ದು ಮಾತ್ರ ಧಾರಾಳ: ‘ಲಕ್ಷ್ಯ ಎಲ್ಲೈತೋ ನಿಂದು?’ ಅಂತ ಮುಂಜಾನೆ ಒಂದು, ‘ಉಡಾಳ’ ಅಂತ ಮಧ್ಯಾಹ್ನ ಒಂದು, ‘ಮೈಗಳ್ಳ’ ಅಂತ ರಾತ್ರಿ ಉಂಡ ಮೇಲೆ ಒಂದು. ಹತ್ತಿಬೀಜ ತರಲು ಪ್ಯಾಟಿಗೆ ಹೋದವನು ಬೀಜವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊತ್ತು ಬಂದ ದಿನ ಡೋಸು ಹೆಚ್ಚುತ್ತದೆ. ಮೂವತ್ತು ವರ್ಷ ಈ ಮದ್ದು ಕುಡಿದವನಿಗೆ ಗಮನವಂತೂ ಕುದುರುವುದಿಲ್ಲ. ತಾನು ಕೆಲಸಕ್ಕೆ ಬಾರದವನೆಂಬ ನಂಬಿಕೆ ಗಟ್ಟಿಯಾಗುತ್ತದೆ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಅವರ ಮನಸ್ಸಿನ ಆರೈಕೆ ಈ ಮನೆಮದ್ದನ್ನು ನಿಲ್ಲಿಸುವುದರಿಂದಲೇ ಶುರುವಾಗಬೇಕೆಂಬುದು ನನ್ನ ವಾದ. ಅಷ್ಟಕ್ಕೂ ಇದು ಮೈಗಳ್ಳತನವಲ್ಲ: ಅವಳಿ ಮಕ್ಕಳ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ಆನುವಂಶಿಕತೆಯ ಪಾಲು ಶೇ. 70ಕ್ಕೂ ಹೆಚ್ಚೆನ್ನುತ್ತವೆ. ಮಗನ ಮರೆವಿಗೆ ಕೂಗಾಡುವ ಅಪ್ಪ ತನ್ನ ಕನ್ನಡಕ ಹುಡುಕುತ್ತಲೇ ಕೂಗಾಡುವುದೂ ಉಂಟು.

ಕಟ್ಟೆಯ ಮೇಲಿನ ಹಿರಿಯರು ಎಡಿಎಚ್‌ಡಿ ಎಂಬುದನ್ನೇ ಒಪ್ಪುವುದಿಲ್ಲ. ‘ಮನಸಂದ್ರ ಮಂಗ್ಯಾ ಅಂತ ಶರಣರೇ ಹೇಳ್ಯಾರ. ಹಂಗಾದ್ರ ಎಲ್ಲಾರಿಗೂ ಇದು ಐತಿ ಬಿಡು.’ ಮಂಗ ಎಲ್ಲರೊಳಗೂ ಇದೆ, ನಿಜ. ಆದರೆ ಬಹುಪಾಲು ಜನರ ಮಂಗ ಕರೆದರೆ ಮರ ಇಳಿದು ಬರುತ್ತದೆ. ವೈದ್ಯರೂ ಕೇಳಿದ ಕೂಡಲೇ ಎಡಿಎಚ್‌ಡಿ ಎಂದು ಬರೆದುಕೊಡುವವರಲ್ಲ. ಮನೋವೈದ್ಯರ 2013ರ ಡಿಎಸ್‌ಎಂ-5 ಕೈಪಿಡಿಯಂತೆ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಂಡಿರಬೇಕು, ಮನೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಡಬೇಕು, ಬದುಕಿಗೆ ತೊಡಕಾಗಬೇಕು. ನಿನ್ನೆ ಬೀಗದಕೈ ಮರೆತವರಿಗೆ ಇಲ್ಲಿ ಪ್ರವೇಶವಿಲ್ಲ. ಇದು ಮೊಬೈಲು ತಂದ ರೋಗ ಎನ್ನುವವರೂ ಇದ್ದಾರೆ. ಆದರೆ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ನಿಲ್ಲದ ಗಮನದ ಬಗ್ಗೆ ಬರೆದದ್ದು 1798ರಲ್ಲಿ. ಆಗ ರಾಯಚೂರಿಗೆ ರೈಲೂ ಬಂದಿರಲಿಲ್ಲ.

‘ಬೈಯದಿದ್ರ ಜವಾಬ್ದಾರಿ ಹ್ಯಾಂಗ ಬರತೈತಿ?’ ಎಂಬ ಪ್ರಶ್ನೆ ಮಾತ್ರ ತೂಕದ್ದು. ಉತ್ತರ ಮನೆಯಲ್ಲೇ ಇದೆ. ನೆನಪಿಗೆಂದು ಸೆರಗಿಗೆ ಗಂಟು ಹಾಕಿಕೊಂಡ, ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದ ಅಜ್ಜಿಯನ್ನು ಯಾರೂ ಬೇಜವಾಬ್ದಾರಿ ಎನ್ನಲಿಲ್ಲ. ತಲೆಯನ್ನು ಪೂರ್ತಿ ನಂಬದೆ ನೆನಪನ್ನು ಕಣ್ಣೆದುರು ಕಟ್ಟಿಡುವ ಜಾಣತನವದು. ತಜ್ಞರು ಇಂದು ಹೇಳುವ ಅಲಾರಂ, ಪಟ್ಟಿ, ಕೀಲಿಗೊಂದು ಕಾಯಂ ಮೊಳೆ, ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಮಾಡುವುದು, ಎಲ್ಲವೂ ಆ ಗಂಟಿನ ಮೊಮ್ಮಕ್ಕಳೇ. ಗಂಟು ಸಾಲದವರಿಗೆ ಮಾತ್ರೆ, ಆಪ್ತಸಮಾಲೋಚನೆ ಉಂಟು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬಸ್ಸು ಹತ್ತಲು ಸಂಕೋಚವಾದರೆ 2022ರಲ್ಲಿ ಶುರುವಾದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಐದೇ ಅಂಕಿ, ಆದರೂ ಇದ್ದಿಲಿನಿಂದ ಗೋಡೆಗೆ ಬರೆದಿಡುವುದು ಲೇಸು. ದಸರೆಗೆ ಸುಣ್ಣ ಬಳಿಯುವವರಿಗೆ ಮೊದಲೇ ಹೇಳಿಟ್ಟಿರಬೇಕು. ಅದನ್ನು ಹೇಳುವ ನೆನಪಿಗೆ ಇನ್ನೊಂದು ಗಂಟು.